ಪಾಡ್‌ಕಾಸ್ಟ್ ಪಠ್ಯ | ಶಿರಹಟ್ಟಿಯ ಎಕ್ಸ್‌ರೇಗೆ ಮುಂಬೈ ಪರವಾನಗಿ: ವಿಕಿರಣ ಕಾಯೋದರಲ್ಲಿ ರಾಜ್ಯದ ಪಾಲೆಷ್ಟು?

ಈ ಕಂತಿನ ವಿಷಯ ನನಗೆ ಸಿಕ್ಕಿದ್ದು ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲಿ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ.

ನಮ್ಮೂರು ಶಿರಹಟ್ಟಿ. ಗದಗ ಜಿಲ್ಲೆ, ಫಕೀರೇಶ್ವರ ಮಠದ ಊರು. ನಮ್ಮ ಮಾಮಾ ಈ ಭಾಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದರು. 1980ರ ದಶಕದ ಕೊನೆಗೆ ಸೇರಿದವರು, ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು. ಆಸ್ಪತ್ರೆಯ ಹೆಸರು ಬೇಡ, ಅದು ಮುಚ್ಚಿ ಬಹಳ ದಿನ ಆಯ್ತು. ಸಣ್ಣವನಿದ್ದಾಗ ನಾನು ಅಲ್ಲಿಗೆ ಹೋಗ್ತಾ ಇದ್ದೆ. ಡಾರ್ಕ್ ರೂಮಿನ ಕೆಂಪು ದೀಪ, ಹೈಪೋ ವಾಸನೆ, ತಂತಿಗೆ ನೇತುಹಾಕಿದ ಹಸಿ ಫಿಲ್ಮುಗಳು, ಅವುಗಳಲ್ಲಿ ಯಾರದೋ ಮೊಣಕೈ, ಯಾರದೋ ಪಕ್ಕೆಲುಬು. ಕೂಸುಗಳು ಅತ್ತು ರಂಪ ಮಾಡಿದರೆ ಮಾಮಾ ತಾವೇ ಹಿಡಿದುಕೊಂಡು ನಿಲ್ಲೋರು, ಸಹಾಯಕ ಹುಡುಗ ಬಟನ್ ಒತ್ತುತ್ತಿದ್ದ. ಸೀಸದ ಏಪ್ರನ್ ಒಂದಿತ್ತು. ಭಾರ ಅಂತ ಅದು ಗೂಟದಲ್ಲೇ ಇರುತ್ತಿತ್ತು. ಬೇಸಿಗೆಯಲ್ಲಿ ಝಳ ತಡೀಲಾರದೆ ಬಾಗಿಲನ್ನ ಅರ್ಧ ತೆರೆದೇ ಇಡೋರು. ಹೊರಗಿನ ಬೆಂಚಿನ ಮೇಲೆ ಪಾಳಿ ಕಾಯುವ ಮಂದಿ. ಅವರ ನಡುವೆ ಎಷ್ಟೋ ಸಲ ನಾನೂ.

ಮಾಮಾ ಈಗ ನಿವೃತ್ತರು. ಅವತ್ತು ಪಡಸಾಲೆಯಲ್ಲಿ ನನ್ನನ್ನ ಕೇಳಿದರು: "ಅಳಿಯಾ, ನೀ ಓದಿದಾಂವ, ಪೇಪರಿಗೆ ಬರ್ಯಾಂವ. ಇಷ್ಟು ವರ್ಷ ಆ ಮಷಿನ್ ಮುಂದ ನಿಂತೇನಿ. ನನ್ನ ಮೈಯಾಗ ಎಷ್ಟು ಹೋಗೇತಿ ಅಂತ ಯಾರರೆ ಎಲ್ಲೆರೆ ಬರದಿಟ್ಟಿರತಾರೇನು?"

ಮೊದಲೇ ಹೇಳಿಬಿಡ್ತೀನಿ, ಮಾಮಾಗೆ ಯಾವ ಕಾಯಿಲೆಯೂ ಇಲ್ಲ. ದಿನಾ ಬೆಳಿಗ್ಗೆ ನಮಗಿಂತ ಜೋರಾಗಿ ನಡೀತಾರೆ. ಆದರೆ ಆ ಪ್ರಶ್ನೆಗೆ ಒಂದು ಉತ್ತರ ಇರಬೇಕಿತ್ತು. ವಿಕಿರಣದ ಹತ್ತಿರ ಕೆಲಸ ಮಾಡುವವರ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಅಂತ ಒಂದು ಸಣ್ಣ ಬಿಲ್ಲೆ ಇರುತ್ತದೆ. ಒಳಗೆ ತೆಳುವಾದ ಬಿಲ್ಲೆಗಳು, ಬಿದ್ದ ವಿಕಿರಣವನ್ನ ಅವು ನೆನಪಿಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಅದನ್ನ ಪ್ರಯೋಗಾಲಯಕ್ಕೆ ಕಳಿಸಿದರೆ, ಬಿಸಿ ಮಾಡಿ, ಹೊರಬರುವ ಬೆಳಕನ್ನ ಅಳೆದು, ಇಷ್ಟು ಮಿಲಿಸೀವರ್ಟ್ ಅಂತ ಲೆಕ್ಕ ಕೊಡುತ್ತಾರೆ. ನಮ್ಮ ದೇಶದಲ್ಲಿ ಇಂಥ ಕೆಲಸದವರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ನಮ್ಮ ನಿಮ್ಮಂಥ ಸಾರ್ವಜನಿಕರಿಗೆ ವರ್ಷಕ್ಕೆ 1. ಆ ಲೆಕ್ಕವನ್ನ ಬರೆದಿಡುವ ಹೊಣೆ ಮಾಲೀಕನದು. ಮಾಮಾ ಆ ಬ್ಯಾಡ್ಜನ್ನ ಒಂದು ದಿನವೂ ಹಾಕಿದವರಲ್ಲ. ಯಾರೂ ಕೊಟ್ಟಿರಲಿಲ್ಲ. ಲೆಕ್ಕವೇ ಇಲ್ಲದ ಮೇಲೆ ಹೆಚ್ಚಾಯ್ತು ಅನ್ನೋ ಹಾಗೂ ಇಲ್ಲ, ಕಡಿಮೆ ಆಯ್ತು ಅನ್ನೋ ಹಾಗೂ ಇಲ್ಲ.

ಹಾಗಾದ್ರೆ ಆ ಕೋಣೆಗೆ ಬಂದು, "ಬ್ಯಾಡ್ಜ್ ಎಲ್ರೀ? ಬಾಗಿಲು ಯಾಕ್ರೀ ತೆರೆದೀರಿ?" ಅಂತ ಕೇಳಬೇಕಾದವರು ಯಾರಾಗಿದ್ದರು? ಆರೋಗ್ಯ ಇಲಾಖೆಯ ಒಬ್ಬ ಅಧಿಕಾರಿಯನ್ನ ವಿಚಾರಿಸಿದೆ. ಒಳ್ಳೆಯ ಮನುಷ್ಯ, ಚಹಾ ತರಿಸಿದರು. ಆಮೇಲೆ ಹೇಳಿದರು: "ಅದು ನಮ್ಮ ಕಡಿ ಬರೂದಿಲ್ರಿ. ಮುಂಬೈದವ್ರು ನೋಡತಾರ."

ಮುಂಬೈದವ್ರು. ಈ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಯಾಕಂದ್ರೆ ಶಿರಹಟ್ಟಿಗೂ ಮುಂಬೈಗೂ ಒಂದು ಹಳೇ ಲೆಕ್ಕ ಇದೆ. ಸ್ವಾತಂತ್ರ್ಯ ಬರುವವರೆಗೆ ನಮ್ಮ ತಾಲ್ಲೂಕು ಸಾಂಗಲಿ ಸಂಸ್ಥಾನದ್ದು, ಪಟವರ್ಧನರ ಆಳ್ವಿಕೆ. 1948ರ ಮಾರ್ಚ್‌ನಲ್ಲಿ ಸಾಂಗಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು, ನಾವು ಮುಂಬಯಿ ಸರ್ಕಾರದ ಕೆಳಗೆ ಬಂದೆವು. ಎಂಟು ವರ್ಷ ಹಾಗೆ. 1956ರ ನವೆಂಬರ್ 1ಕ್ಕೆ ಏಕೀಕರಣವಾಗಿ ಮೈಸೂರು ರಾಜ್ಯಕ್ಕೆ ಸೇರಿದೆವು, 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾಯಿತು. ಕಂದಾಯ, ಶಾಲೆ, ಪೊಲೀಸು, ದವಾಖಾನೆ ಎಲ್ಲ ಮುಂಬಯಿ ಬಿಟ್ಟು ಬಂದವು. ಎಕ್ಸ್‌ರೇ ಕಾಯುವ ಕೆಲಸ ಮಾತ್ರ ಮುಂಬೈಯಲ್ಲಿದೆ. ಅಣುಶಕ್ತಿನಗರದ ನಿಯಾಮಕ ಭವನ ಅದರ ವಿಳಾಸ.

ಹೀಗೆ ಯಾಕಾಯ್ತು ಅಂತ ನೋಡಬೇಕಾದರೆ ಅದೇ 1948ಕ್ಕೆ ಹೋಗಬೇಕು. ಸಾಂಗಲಿ ವಿಲೀನವಾದ ಮರುತಿಂಗಳು, ಏಪ್ರಿಲ್‌ನಲ್ಲಿ, ದಿಲ್ಲಿಯ ಸಂವಿಧಾನ ಸಭೆ ಶಾಸನ ಸಭೆಯಾಗಿ ಕೂತು ಪರಮಾಣು ಶಕ್ತಿ ಮಸೂದೆಯನ್ನ ಚರ್ಚೆಗೆ ತಗೊಂಡಿತು. ಮಂಡಿಸಿದವರು ನೆಹರೂ. ಹಿರೋಶಿಮಾ ಆಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಅಣು ಅಂದ್ರೆ ಬಾಂಬು, ಬಾಂಬು ಅಂದ್ರೆ ಗುಟ್ಟು. ಆ ಚರ್ಚೆಯಲ್ಲಿ ಎದ್ದು ನಿಂತು ತಕರಾರು ಮಾಡಿದವರಲ್ಲಿ ಒಬ್ಬರು ಮೈಸೂರಿನ ಪ್ರತಿನಿಧಿ, ಎಸ್.ವಿ. ಕೃಷ್ಣಮೂರ್ತಿ ರಾವ್. ಶಿವಮೊಗ್ಗದ ಕಡೆಯವರು, ಮುಂದೆ ರಾಜ್ಯಸಭೆಯ ಉಪಸಭಾಪತಿ ಆದವರು. ಅವರು ಬ್ರಿಟನ್ ಮತ್ತು ಅಮೆರಿಕದ ಕಾಯ್ದೆಗಳನ್ನ ಓದಿಕೊಂಡು ಬಂದಿದ್ದರು. ಅವರ ವಾದದ ಸಾರ ಇಷ್ಟು: ಬ್ರಿಟನ್ನಿನಲ್ಲಿ ಗುಟ್ಟು ಇರೋದು ರಕ್ಷಣಾ ಕೆಲಸಕ್ಕೆ, ನಮ್ಮ ಮಸೂದೆಯಲ್ಲಿ ಶಾಂತಿಯ ಕೆಲಸದ ಸಂಶೋಧನೆಗೂ ಅದೇ ಗುಟ್ಟಿನ ಮುಸುಕು ಯಾಕೆ? ನೆಹರೂ ಅವರ ಉತ್ತರ ಪ್ರಾಮಾಣಿಕವಾಗಿತ್ತು, ಈ ಎರಡನ್ನ ಬೇರೆ ಮಾಡೋದು ಹೇಗೆ ಅಂತ ತಮಗೇ ತಿಳಿಯದು ಅನ್ನೋ ಅರ್ಥದ ಮಾತು. ಮಸೂದೆ ಪಾಸಾಯಿತು. ಮೈಸೂರಿನವರೊಬ್ಬರು ಮೊದಲ ದಿನವೇ ಈ ಎಳೆ ಹಿಡಿದಿದ್ದರು ಅನ್ನೋದು ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಎರಡು ವರ್ಷಕ್ಕೆ ಸಂವಿಧಾನ ಬಂತು. ಅದರ ಏಳನೇ ಅನುಸೂಚಿ ಕೇಂದ್ರ ಮತ್ತು ರಾಜ್ಯದ ನಡುವಿನ ಆಸ್ತಿ ಪಾಲು ಇದ್ದ ಹಾಗೆ, ಯಾವ ಹೊಲ ಯಾರಿಗೆ ಅಂತ ಬರೆದ ಪಟ್ಟಿ. ಕೇಂದ್ರ ಪಟ್ಟಿಯ 6ನೇ ನಮೂದು: ಪರಮಾಣು ಶಕ್ತಿ ಮತ್ತು ಅದರ ಉತ್ಪಾದನೆಗೆ ಬೇಕಾದ ಖನಿಜ ಸಂಪನ್ಮೂಲ. ರಾಜ್ಯ ಪಟ್ಟಿಯ 6ನೇ ನಮೂದು: ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆಗಳು ಮತ್ತು ದವಾಖಾನೆಗಳು. ಎರಡೂ ಆರೇ. ಕಾಕತಾಳೀಯ, ಒಪ್ತೀನಿ. ಆದರೆ ನಮ್ಮ ಮಾಮಾನ ಎಕ್ಸ್‌ರೇ ಕೋಣೆ ಇರೋದು ಸರಿಯಾಗಿ ಈ ಎರಡು ಆರರ ನಡುವಿನ ಬದುವಿನ ಮೇಲೆ. ಕೋಣೆ ದವಾಖಾನೆಯದು, ಹಾಗಾಗಿ ರಾಜ್ಯದ್ದು. ಕೋಣೆಯೊಳಗಿನ ಕಿರಣದ ಕಾನೂನು ಕೇಂದ್ರದ್ದು.

1962ರಲ್ಲಿ ಹಳೇ ಕಾಯ್ದೆ ತೆಗೆದು ಹೊಸ ಪರಮಾಣು ಶಕ್ತಿ ಕಾಯ್ದೆ ತಂದರು. ಇದರ 27ನೇ ಸೆಕ್ಷನ್ ಬಗ್ಗೆ ನಾನು ಸ್ವಲ್ಪ ನಿಧಾನಿಸ್ತೀನಿ, ಯಾಕಂದ್ರೆ ಇಡೀ ಕಥೆಯ ಕೀಲಿ ಅಲ್ಲಿದೆ. ಕೇಂದ್ರ ತನ್ನ ಅಧಿಕಾರವನ್ನ ಬೇರೆಯವರಿಗೆ ವಹಿಸಿಕೊಡಬಹುದು ಅಂತ ಆ ಸೆಕ್ಷನ್ ಹೇಳುತ್ತಿತ್ತು. ಯಾರಿಗೆ? ಎರಡು ಬಾಗಿಲು ಇಟ್ಟಿದ್ದರು. ಒಂದು, ಕೇಂದ್ರದ ಕೈಕೆಳಗಿನ ಅಧಿಕಾರಿ ಅಥವಾ ಪ್ರಾಧಿಕಾರಕ್ಕೆ. ಇನ್ನೊಂದು, ರಾಜ್ಯ ಸರ್ಕಾರಕ್ಕೆ ಅಥವಾ ರಾಜ್ಯದ ಅಧಿಕಾರಿಗೆ. ಮೊದಲ ಬಾಗಿಲಿನಿಂದ 1983ರ ನವೆಂಬರ್ 15ರಂದು ಒಂದು ಸಂಸ್ಥೆ ಹೊರಬಂತು: ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಲ್ಲರೂ ಎಇಆರ್‌ಬಿ ಅನ್ನೋದು ಇದನ್ನೇ. ಕೈಗಾದಂಥ ಸ್ಥಾವರದಿಂದ ಹಿಡಿದು ಹಲ್ಲಿನ ಡಾಕ್ಟರ ಸಣ್ಣ ಎಕ್ಸ್‌ರೇ ಯಂತ್ರದವರೆಗೆ ಎಲ್ಲದರ ಸುರಕ್ಷತೆ ಈ ಮಂಡಳಿಯ ಕೈಗೆ. ಎರಡನೇ ಬಾಗಿಲಿನ ಹೊಸಿಲು ಬಹುಕಾಲ ಸವೆಯಲೇ ಇಲ್ಲ.

ಬೇರೆ ದಾರಿ ಇರಲಿಲ್ಲ ಅಂತಲ್ಲ. ಅಮೆರಿಕದಲ್ಲಿ 1959ರಲ್ಲೇ ಅಲ್ಲಿನ ಪರಮಾಣು ಕಾಯ್ದೆಗೆ ತಿದ್ದುಪಡಿ ತಂದು, ಒಪ್ಪಂದ ಮಾಡಿಕೊಂಡ ರಾಜ್ಯಗಳಿಗೆ ವಿಕಿರಣ ವಸ್ತುಗಳ ಪರವಾನಗಿ ಮತ್ತು ತಪಾಸಣೆಯನ್ನ ಬಿಟ್ಟುಕೊಟ್ಟರು. ಮೊದಲು ಸಹಿ ಹಾಕಿದ್ದು ಕೆಂಟಕಿ, 1962ರಲ್ಲಿ. ಈಗ ಅಂಥ ರಾಜ್ಯಗಳು ಮೂವತ್ತೈದಕ್ಕೂ ಹೆಚ್ಚು. ರಿಯಾಕ್ಟರು ಕೇಂದ್ರದ ಹತ್ತಿರವೇ ಉಳಿಯಿತು, ಆಸ್ಪತ್ರೆಯ ಎಕ್ಸ್‌ರೇ ಯಂತ್ರ ಮಾತ್ರ ಅಲ್ಲಿ ಮೊದಲಿನಿಂದ ರಾಜ್ಯಗಳದ್ದೇ ಜವಾಬ್ದಾರಿ.

ನಮ್ಮಲ್ಲೂ ಎಕ್ಸ್‌ರೇ ವಿಷಯಕ್ಕೆ ಇಂಥದೇ ಏರ್ಪಾಡು ಬೇಕು ಅನ್ನೋ ಮಾತು ಬಂತು. ಪ್ರತಿ ರಾಜ್ಯವೂ ವಿಕಿರಣ ಸುರಕ್ಷತಾ ನಿರ್ದೇಶನಾಲಯ ಅಂತ ಒಂದನ್ನ ಸ್ಥಾಪಿಸಲಿ, ರಾಜ್ಯದ ಜನ ಊರೂರಿಗೆ ಹೋಗಿ ಎಕ್ಸ್‌ರೇ ಕೇಂದ್ರಗಳನ್ನ ತಪಾಸಣೆ ಮಾಡಿ ಎಇಆರ್‌ಬಿಗೆ ವರದಿ ಕಳಿಸಲಿ ಅನ್ನೋದು ಯೋಜನೆ. 2001ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎಲ್ಲ ರಾಜ್ಯಗಳಲ್ಲೂ ಇದಾಗಬೇಕು ಅಂತ ನಿರ್ದೇಶಿಸಿತು. ಹನ್ನೊಂದು ವರ್ಷದ ನಂತರ, 2012ರಲ್ಲಿ, ಮಹಾಲೇಖಪಾಲರು ಎಇಆರ್‌ಬಿಯ ಕೆಲಸದ ಬಗ್ಗೆ ಸಂಸತ್ತಿಗೆ ಒಂದು ವರದಿ ಕೊಟ್ಟರು. ಅಷ್ಟೊತ್ತಿಗೆ ನಿರ್ದೇಶನಾಲಯ ಇದ್ದದ್ದು ಎರಡೇ ರಾಜ್ಯಗಳಲ್ಲಿ. ಕೇರಳ ಮತ್ತು ಮಿಜೋರಾಂ. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ.

ಅದೇ ವರದಿಯ ಇನ್ನೊಂದು ಅಂಕಿ ಓದಿದಾಗ ನಾನು ಮಾಮಾಗೆ ಫೋನ್ ಮಾಡಿದೆ. ದೇಶದಲ್ಲಿ ಆಗ ನಡೀತಿದ್ದ ವೈದ್ಯಕೀಯ ಎಕ್ಸ್‌ರೇ ಘಟಕಗಳು 57,443. ಅದರಲ್ಲಿ ಎಇಆರ್‌ಬಿಯಲ್ಲಿ ನೋಂದಾಯಿಸಿಕೊಂಡವು 5,270. ಉಳಿದ 52,173, ಅಂದ್ರೆ ನೂರಕ್ಕೆ 91, ನೋಂದಣಿಯೇ ಇಲ್ಲದೆ ಓಡುತ್ತಿದ್ದವು. ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹಂಗಾರ ನಾ ಒಬ್ಬನ ಅಲ್ಲ ಬಿಡು."

ಮುಂಬೈದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಮುಂಬೈಯಲ್ಲಿ ಕೂತ ಕೆಲವೇ ಅಧಿಕಾರಿಗಳು ಐವತ್ತೇಳು ಸಾವಿರ ಕೋಣೆಗಳ ಬಾಗಿಲು ತಟ್ಟೋದು ಆಗದ ಮಾತು. ಮಾಡಿದ್ದ ನಿಯಮಗಳು ಚೆನ್ನಾಗಿಯೇ ಇದ್ದವು. 1971ರಲ್ಲಿ ವಿಕಿರಣ ರಕ್ಷಣಾ ನಿಯಮಗಳು, 2004ರಲ್ಲಿ ಅವುಗಳ ಜಾಗಕ್ಕೆ ಹೊಸವು. ಸಾಮಾನ್ಯ ಎಕ್ಸ್‌ರೇ ಕೋಣೆ 18 ಚದರ ಮೀಟರ್‌ಗಿಂತ ಚಿಕ್ಕದಿರಬಾರದು, ಬಾಗಿಲು ಕಿಟಕಿಗೆ 23 ಸೆಂಟಿಮೀಟರ್ ಇಟ್ಟಿಗೆ ಗೋಡೆಯಷ್ಟು ಅಥವಾ 1.7 ಮಿಲಿಮೀಟರ್ ಸೀಸದಷ್ಟು ತಡೆ ಇರಬೇಕು. 23 ಸೆಂಟಿಮೀಟರ್ ಅಂದ್ರೆ ನಮ್ಮ ಗೌಂಡಿಗಳು ಒಂಬತ್ತು ಇಂಚಿನ ಗೋಡೆ ಅಂತಾರಲ್ಲ, ಅದೇ. ನಮ್ಮೂರಿನ ಹಳೇ ಮನೆಗಳ ಮಣ್ಣಿನ ಗೋಡೆ ಇದಕ್ಕಿಂತ ಎಷ್ಟೋ ದಪ್ಪ ಇರ್ತಾವೆ. ಕಷ್ಟ ಬರೋದು ಈಗಿನ ಅಂಗಡಿ ಮಳಿಗೆಗಳಲ್ಲಿ. ನಾಲ್ಕೂವರೆ ಇಂಚಿನ ಗೋಡೆ, ಪ್ಲೈವುಡ್ ಬಾಗಿಲು, ಪಕ್ಕದಲ್ಲಿ ಔಷಧಿ ಅಂಗಡಿ.

ಕೇರಳ ಹೇಗೆ ಮಾಡಿತು ಅಂತ ಕೇಳಬಹುದು. ಅಲ್ಲಿ ಆರೋಗ್ಯ ಇಲಾಖೆಯ ಕೆಳಗೇ ಈ ನಿರ್ದೇಶನಾಲಯವನ್ನ ಮಾಡಿ, ಎಇಆರ್‌ಬಿ ಜೊತೆ ಒಪ್ಪಂದ ಮಾಡಿಕೊಂಡು, ಮೀಟರ್ ಹಿಡಿದ ತಪಾಸಣಾಧಿಕಾರಿಗಳನ್ನ ಜಿಲ್ಲೆಗಳಿಗೆ ಕಳಿಸಿದರು. ಕಾಯ್ದೆಯ ಅಧಿಕಾರ ಮುಂಬೈಯಲ್ಲೇ ಉಳಿಯಿತು, ಕಣ್ಣು ಮಾತ್ರ ರಾಜ್ಯದ್ದಾಯಿತು. ಸಂಬಳ ರಾಜ್ಯ ಕೊಡಬೇಕು. ಬೇರೆ ರಾಜ್ಯಗಳು ಹಿಂದೆ ಸರಿಯೋದಕ್ಕೆ ಇದೇ ಕಾರಣ ಅಂತ ನನ್ನ ಅನುಮಾನ: ಹೆಸರು ಕೇಂದ್ರದ್ದು, ಖರ್ಚು ನಮ್ಮದು, ಯಾಕೆ ಬೇಕು? ಹಣಕಾಸು ಇಲಾಖೆಯ ಕಡತದಲ್ಲಿ ಈ ಪ್ರಶ್ನೆ ಹುಟ್ಟೋದು ಸಹಜ. ಕಾಣದ ಕಿರಣಕ್ಕೆ ಕಾಣುವ ಹುದ್ದೆ ಮಂಜೂರು ಮಾಡಿಸೋದು ಸುಲಭದ ಕೆಲಸ ಅಲ್ಲ.

ಹಾಗಂತ ಕರ್ನಾಟಕಕ್ಕೆ ಈ ವಿಷಯದಲ್ಲಿ ಕೆಲಸವೇ ಇಲ್ಲ ಅಂತ ತಿಳೀಬೇಡಿ. ಕೆಲಸ ಇದೆ, ದೊಡ್ಡದಿದೆ, ಆದರೆ ಅದು ಕಥೆಯ ಇನ್ನೊಂದು ತುದಿಯಲ್ಲಿದೆ. ಅದನ್ನ ನೋಡೋಕೆ ಉತ್ತರ ಕನ್ನಡಕ್ಕೆ, ಕಾಳಿ ನದಿ ದಂಡೆಯ ಕೈಗಾಕ್ಕೆ ಹೋಗಬೇಕು.

ಕೈಗಾದಲ್ಲಿ ಕಾಮಗಾರಿ ಶುರುವಾಗಿದ್ದು 1989ರಲ್ಲಿ. ಅದೇ ವರ್ಷ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ಪಕ್ಷೇತರರಾಗಿ ನಿಂತವರು ಶಿವರಾಮ ಕಾರಂತರು. ಆಗ ಅವರಿಗೆ 87 ವರ್ಷ. ಜ್ಞಾನಪೀಠ ಬಂದಾಗಿತ್ತು, ಮನೆಯಲ್ಲಿ ಆರಾಮಾಗಿ ಕೂರಬಹುದಿತ್ತು. ಕಾಡಿನ ನಡುವೆ ಅಣುಸ್ಥಾವರ ಬೇಡ ಅಂತ ಊರೂರು ತಿರುಗಿದರು, ಸೋತರು. ಕೈಗಾ ವಿಷಯದಲ್ಲಿ ಅವರ ಎಲ್ಲ ವಾದವನ್ನೂ ನಾನು ಒಪ್ಪೋದಿಲ್ಲ. ಆದರೆ ಒಂದು ಗಮನಿಸಿ: ಅವರು ನಿಂತದ್ದು ವಿಧಾನಸಭೆಗಲ್ಲ, ಲೋಕಸಭೆಗೆ. ಈ ವಿಷಯದ ತೀರ್ಮಾನ ಬೆಂಗಳೂರಿನಲ್ಲಿ ಆಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು.

1994ರ ಮೇ 13ರಂದು ಕೈಗಾ ಒಂದನೇ ಘಟಕದ ಗುಮ್ಮಟದ ಒಳಪದರ ಕಳಚಿ ಬಿತ್ತು. ಸುಮಾರು 130 ಟನ್ ಕಾಂಕ್ರೀಟು. ವಿಕಿರಣ ಹೊರಗೆ ಹೋಗದಂತೆ ತಡೆಯಬೇಕಾದ ಗುಮ್ಮಟ ಅದೇ. ಪುಣ್ಯಕ್ಕೆ ಇಂಧನ ಇನ್ನೂ ತುಂಬಿರಲಿಲ್ಲ. ಕಟ್ಟುವ ಹಂತದಲ್ಲೇ ಬಿದ್ದದ್ದರಿಂದ ಒಂದು ಕಣ ವಿಕಿರಣವೂ ಹೊರಬರಲಿಲ್ಲ, ಕಾರ್ಮಿಕರಿಗೆ ಗಾಯಗಳಾದವು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಹಾಗಾಗಿ ಎರಡನೇ ಘಟಕ 2000ದ ಮಾರ್ಚ್‌ನಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದರೆ, ಒಂದನೆಯದು ಅದೇ ವರ್ಷ ನವೆಂಬರ್‌ಗೆ ಬಂತು. ತಮ್ಮನ ಮದುವೆ ಮೊದಲಾಗಿ ಅಣ್ಣನದು ಆಮೇಲೆ ಆದ ಹಾಗೆ. ಅದೇ ಒಂದನೇ ಘಟಕ ಮುಂದೆ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು, ಅದನ್ನೂ ಹೇಳಬೇಕು. ಗುಮ್ಮಟ ಯಾಕೆ ಬಿತ್ತು ಅನ್ನೋ ತಾಂತ್ರಿಕ ವಿಚಾರಣೆ ಎಇಆರ್‌ಬಿ ಮತ್ತು ಎನ್‌ಪಿಸಿಐಎಲ್‌ನ ಕೆಲಸವಾಗಿತ್ತು. ರಾಜ್ಯ ಸರ್ಕಾರ ಅಲ್ಲಿ ಪ್ರೇಕ್ಷಕ.

2009ರ ನವೆಂಬರ್‌ನಲ್ಲಿ ಇನ್ನೊಂದು. ಸಿಬ್ಬಂದಿಯ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚು ಕಂಡಿತು. ಹುಡುಕುತ್ತಾ ಹೋದರೆ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಂ ಬೆರೆತ ಭಾರಜಲ ಸೇರಿತ್ತು. ಐವತ್ತರ ಆಸುಪಾಸಿನ ಸಿಬ್ಬಂದಿಯ ದೇಹಕ್ಕೆ ಅದು ಹೋಗಿತ್ತು. ಯಾರೋ ಬೇಕಂತಲೇ ಹಾಕಿದ್ದು ಅಂತ ಅಧಿಕಾರಿಗಳೇ ಹೇಳಿದರು. ಇಲ್ಲಿ ನೋಡಿ ಒಂದು ತಮಾಷೆ: ಟ್ರಿಟಿಯಂ ಕೇಂದ್ರದ ವಿಷಯ, ಆದರೆ ನೀರಿಗೆ ವಿಷ ಬೆರೆಸೋದು ಅಪರಾಧ, ಅಪರಾಧ ರಾಜ್ಯ ಪೊಲೀಸರ ವಿಷಯ. ಹಾಗಾಗಿ ನಮ್ಮ ಪೊಲೀಸರೂ ತನಿಖೆಗೆ ಇಳಿದರು. ಮಾಮಾನ ಪ್ರಶ್ನೆಯ ಕಣ್ಣಿನಿಂದ ನನಗೆ ಮುಖ್ಯ ಅನಿಸೋದು ಬೇರೆ. ಕೈಗಾದಲ್ಲಿ ಸಿಬ್ಬಂದಿಯ ಮೂತ್ರವನ್ನ ನಿಯಮಿತವಾಗಿ ಪರೀಕ್ಷೆ ಮಾಡ್ತಾರೆ, ಲೆಕ್ಕ ಬರೆದಿಡ್ತಾರೆ, ಅದರಿಂದಲೇ ವಿಷಯ ಹೊರಬಂತು. ನಾವು ಹೆದರುವ ಜಾಗದಲ್ಲಿ ಲೆಕ್ಕ ಇದೆ. ಹೆದರದೆ ಬೆಂಚಿನ ಮೇಲೆ ಕೂತು ಪಾಳಿ ಕಾಯುವ ಜಾಗದಲ್ಲಿ ಲೆಕ್ಕ ಇರಲಿಲ್ಲ.

ಈಗ ರಾಜ್ಯದ ದೊಡ್ಡ ಕೆಲಸಕ್ಕೆ ಬರ್ತೀನಿ. ಸ್ಥಾವರದ ಬೇಲಿಯ ಒಳಗೆ ಏನಾದರೂ ಆದರೆ ಅದು ಸ್ಥಾವರದವರ ಹೊಣೆ. ಬೇಲಿ ದಾಟಿ ಊರಿಗೆ ಬಂದರೆ ಹೊಣೆ ಜಿಲ್ಲಾಧಿಕಾರಿಯದು. ಸುತ್ತಲಿನ 16 ಕಿಲೋಮೀಟರ್ ವಲಯಕ್ಕೆ ಒಂದು ತುರ್ತು ಯೋಜನೆ ಇರುತ್ತದೆ. ಡಂಗುರ ಹೇಗೆ, ಬಸ್ಸು ಎಷ್ಟು, ಜನರನ್ನ ಯಾವ ಶಾಲೆಗೆ ಒಯ್ಯಬೇಕು, ಹಾಲು ಕುಡೀಬೇಡಿ ಅಂತ ಯಾರು ಹೇಳಬೇಕು, ಅಯೋಡಿನ್ ಮಾತ್ರೆ ಯಾರು ಹಂಚಬೇಕು. ಈ ಮಾತ್ರೆ ಯಾಕಂದ್ರೆ, ಗಂಟಲಿನ ಥೈರಾಯ್ಡ್ ಗ್ರಂಥಿ ಒಳ್ಳೆಯ ಅಯೋಡಿನ್‌ನಿಂದ ಮೊದಲೇ ತುಂಬಿದ್ದರೆ ಆಮೇಲೆ ಬರುವ ವಿಕಿರಣದ ಅಯೋಡಿನ್‌ಗೆ ಒಳಗೆ ಜಾಗ ಸಿಗೋದಿಲ್ಲ. ಇದನ್ನೆಲ್ಲ ಆಗಾಗ ಅಣಕು ಪ್ರದರ್ಶನ ಮಾಡಿ ನೋಡ್ತಾರೆ. ಮಾಡೋರು ಯಾರು? ತಹಶೀಲ್ದಾರರು, ಪೊಲೀಸರು, ಸಾರಿಗೆಯವರು, ಆರೋಗ್ಯ ಸಹಾಯಕಿಯರು. ಎಲ್ಲ ರಾಜ್ಯದ ನೌಕರರು. ಸ್ಥಾವರವನ್ನ ಒಂದು ಗಂಟೆ ನಿಲ್ಲಿಸಿ ಅನ್ನೋ ಅಧಿಕಾರ ಇವರಲ್ಲಿ ಯಾರಿಗೂ ಇಲ್ಲ, ಜನರನ್ನ ಬಸ್ಸಿಗೆ ಹತ್ತಿಸುವ ಹೊಣೆ ಎಲ್ಲರದೂ.

ಶಿರಹಟ್ಟಿ ಆ 16 ಕಿಲೋಮೀಟರ್‌ನಿಂದ ಬಹಳ ದೂರ. ನಮಗೆ ಕೈಗಾ ಸುದ್ದಿ ಪೇಪರಿನದು. ನಮ್ಮ ಮೈಗೆ ತಾಗುವ ಮನುಷ್ಯನಿರ್ಮಿತ ವಿಕಿರಣದಲ್ಲಿ ಅತಿ ದೊಡ್ಡ ಪಾಲು ಬರೋದು ವೈದ್ಯಕೀಯ ಪರೀಕ್ಷೆಗಳಿಂದ, ಅಂದ್ರೆ ಎಕ್ಸ್‌ರೇ ಮತ್ತು ಸಿ.ಟಿ. ಸ್ಕ್ಯಾನ್‌ನಿಂದ. ಬೇಕಾದಾಗ ತೆಗೆಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎದೆಯ ಒಂದು ಎಕ್ಸ್‌ರೇ ಅಂದ್ರೆ ಒಂದು ಮಿಲಿಸೀವರ್ಟಿನ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಸಿ.ಟಿ. ಸ್ಕ್ಯಾನ್ ಅದರ ಹತ್ತಾರು ಪಟ್ಟು. ರೋಗಿಗೆ ಒಮ್ಮೆ ತಾಗಿ ಹೋಗುತ್ತದೆ, ತೆಗೆಯುವವನಿಗೆ ದಿನವೂ ಸ್ವಲ್ಪ ಸ್ವಲ್ಪ.

ಇನ್ನೊಂದು ಭಯ ಗುಜರಿಯದು. ಮಷಿನ್ ಗುಜರಿಗೆ ಹೋದರೆ ಅಪಾಯವಾ ಅಂತ ಬಹಳ ಜನ ಕೇಳ್ತಾರೆ. ಎಕ್ಸ್‌ರೇ ಮಷಿನ್ ಕರೆಂಟ್ ತೆಗೆದರೆ ಸತ್ತ ಹಾಗೆ, ಅದರಿಂದ ಕಿರಣ ಬರೋದಿಲ್ಲ. ಕೋಬಾಲ್ಟ್ ಹಾಗಲ್ಲ, ಅದಕ್ಕೆ ಸ್ವಿಚ್ಚೇ ಇಲ್ಲ. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಆದದ್ದು ನೆನಪಿದೆಯಾ? ದಿಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯ 1960ರ ದಶಕದ ಕೊನೆಯಲ್ಲಿ ಕೆನಡಾದಿಂದ ತರಿಸಿದ್ದ ಗಾಮಾ ಸೆಲ್ ಅನ್ನೋ ಉಪಕರಣ ಎಷ್ಟೋ ವರ್ಷ ಬಳಸದೆ ಬಿದ್ದಿತ್ತು. ಹಳೇ ಸಾಮಾನು ಅಂತ ಹರಾಜು ಹಾಕಿದರು. ಗುಜರಿಯವರು ಸೀಸ ಬಿಚ್ಚಿದರು, ಒಳಗಿದ್ದ ಕೋಬಾಲ್ಟ್-60 ಕಡ್ಡಿಗಳು ಹೊರಬಂದವು. ಹೊಳೆಯುವ ಚೂರೊಂದು ಒಬ್ಬರ ಜೇಬಿನಲ್ಲೂ ಇತ್ತು. ಏಳು ಜನ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಕಾಗದದ ಮೇಲೆ ಆ ಉಪಕರಣದ ಹೊಣೆ ಇದ್ದದ್ದು ಇಟ್ಟುಕೊಂಡ ವಿಶ್ವವಿದ್ಯಾಲಯಕ್ಕೆ ಮತ್ತು ಮುಂಬೈಯ ಮಂಡಳಿಗೆ. ಹರಾಜಿನ ದಿನ ಅದರ ಪಕ್ಕದಲ್ಲಿ ಮೀಟರ್ ಹಿಡಿದು ನಿಂತವರು ಯಾರೂ ಇರಲಿಲ್ಲ.

ನಮ್ಮ ರಾಜ್ಯಕ್ಕೆ ತಪಾಸಣೆಯ ಶಕ್ತಿಯೇ ಇಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ಅದೇ ತಾಲ್ಲೂಕಿನ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ನೋಡಿ. 1994ರ ಪ್ರಸವಪೂರ್ವ ಲಿಂಗ ಪತ್ತೆ ತಡೆ ಕಾಯ್ದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ, ಪ್ರತಿ ಗರ್ಭಿಣಿಗೂ ಒಂದು ಫಾರಂ, ತಪ್ಪಿದರೆ ಅಧಿಕಾರಿಗಳು ಬಂದು ಯಂತ್ರಕ್ಕೆ ಸೀಲು ಹಾಕ್ತಾರೆ. ಅಲ್ಟ್ರಾಸೌಂಡ್ ಅಂದ್ರೆ ಬರೀ ಶಬ್ದದ ಅಲೆ, ಅದರಲ್ಲಿ ವಿಕಿರಣ ಅನ್ನೋದೇ ಇಲ್ಲ. ಹೆಣ್ಣು ಭ್ರೂಣ ಉಳಿಸೋಕೆ ಆ ಬಿಗಿ ಬೇಕೇ ಬೇಕು. ನಾನು ಹೇಳೋದು, ಬೇಕು ಅನಿಸಿದ್ದಕ್ಕೆ ಜಿಲ್ಲಾಡಳಿತ ಕೋಣೆಯೊಳಗೆ ಹೋಗಬಲ್ಲದು. ಪಕ್ಕದ ಎಕ್ಸ್‌ರೇ ಕೋಣೆಯ ಬಾಗಿಲು ದಾಟಿಯೇ ಆ ಅಧಿಕಾರಿ ಸ್ಕ್ಯಾನಿಂಗ್ ಕೋಣೆಗೆ ಹೋಗಿರ್ತಾರೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ರಾಜ್ಯವೇ ಮಾಡಿದ್ದು, ಅದರ ನೋಂದಣಿ ಪ್ರಾಧಿಕಾರ ಜಿಲ್ಲೆಯಲ್ಲೇ ಇದೆ, ಡಿಸಿ ಅದರ ಮುಖ್ಯಸ್ಥರು. ಆಸ್ಪತ್ರೆಗೆ ಬಾಗಿಲು ತೆರೆಯೋಕೆ ಅನುಮತಿ ಕೊಡೋರು ಒಳಗಿನ ಒಂದು ಬಾಗಿಲು ಮುಚ್ಚಿದೆಯಾ ಅಂತ ನೋಡೋಕೆ ಹೊಸ ಕಾಯ್ದೆ ಬೇಕಾ?

2012ರ ವರದಿಯ ನಂತರ ಬದಲಾವಣೆ ಆಗಿದೆ, ಅದನ್ನ ಮರೆಮಾಚಬಾರದು. ಎಇಆರ್‌ಬಿ ಪರವಾನಗಿಯನ್ನ ಆನ್‌ಲೈನ್‌ಗೆ ತಂದಿತು, ಇ-ಲೋರಾ ಅಂತ ಅದರ ಹೆಸರು. ನೋಂದಣಿಗಳು ಬಹಳ ಏರಿದವು. ದಕ್ಷಿಣಕ್ಕೆ ಅಂತ ಚೆನ್ನೈಯಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಕೇರಳದ ದಾರಿ ಹಿಡಿದು ಇನ್ನೂ ಕೆಲವು ರಾಜ್ಯಗಳು ಒಪ್ಪಂದಕ್ಕೆ ಬಂದವು. ಇತ್ತ, ಸುರಕ್ಷತಾ ಮಂಡಳಿಗೆ ಹೆಚ್ಚು ಸ್ವತಂತ್ರ ಅಧಿಕಾರ ಕೊಡೋಕೆ 2011ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಮಸೂದೆ 2014ರಲ್ಲಿ ಸದನದ ಅವಧಿ ಮುಗಿದಾಗ ಬಿದ್ದುಹೋಯಿತು. ವೆಬ್‌ಸೈಟು ಯಂತ್ರವನ್ನ ನೋಂದಾಯಿಸಬಲ್ಲದು. ಬೇಸಿಗೆಯಲ್ಲಿ ಅರ್ಧ ತೆರೆದ ಬಾಗಿಲು ಅದಕ್ಕೆ ಕಾಣೋದಿಲ್ಲ, ಗೂಟದ ಏಪ್ರನ್ನೂ ಕಾಣೋದಿಲ್ಲ.

ಹೋದ ತಿಂಗಳು ಮಾಮಾಗೆ ಕಾಲು ಉಳುಕಿತ್ತು. ಪಟ್ಟಣದ ಒಂದು ಹೊಸ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ಕೋಣೆಯ ಮುಂದೆ ಕೆಂಪು ದೀಪ, ಗರ್ಭಿಣಿಯರು ಮೊದಲೇ ತಿಳಿಸಿ ಅನ್ನೋ ಬೋರ್ಡು, ಗೋಡೆಯಲ್ಲಿ ಚೌಕಟ್ಟು ಹಾಕಿದ ಎಇಆರ್‌ಬಿ ಪತ್ರ. ಅವಧಿ ಐದು ವರ್ಷ, ಇನ್ನೂ ಚಾಲ್ತಿಯಲ್ಲಿತ್ತು. ಯಂತ್ರದ ಹತ್ತಿರ ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹುಡುಗಿ. ಮಾಮಾ ಕಾಲು ಚಾಚಿಕೊಂಡೇ ಕೇಳಿದರು: "ಯವ್ವಾ, ನಿನ್ನ ಬಿಲ್ಲೆ ಎಲ್ಲೈತಿ?"

ಆಕೆ ಕಕ್ಕಾಬಿಕ್ಕಿಯಾಗಿ ನಕ್ಕಳು. ಮೇಜಿನ ಖಾನೆ ಎಳೆದು ಬ್ಯಾಡ್ಜ್ ತೆಗೆದು ತೋರಿಸಿದಳು. ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದೇ ಇರಲಿಲ್ಲ.

"ಎದಿ ಮ್ಯಾಲ ಹಾಕ್ಕೊ. ಮೂರು ತಿಂಗಳಿಗೊಮ್ಮಿ ಲೆಕ್ಕ ಬಂತಂದ್ರ ಒಂದು ಝೆರಾಕ್ಸ್ ಮನ್ಯಾಗ ಇಟ್ಗೊ," ಅಂದರು ಮಾಮಾ.

ಹುಡುಗಿ ಕವರ್ ಹರಿದು ಬ್ಯಾಡ್ಜ್ ಸಿಕ್ಕಿಸಿಕೊಂಡು ಬಾಗಿಲು ಹಾಕಿದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಎಕ್ಸ್‌ರೇ ಕೋಣೆಯ ಗೋಡೆಯ ಮೇಲೆ ಅಂಥ ಪತ್ರ ಇದೆಯಾ, ಇದ್ದರೆ ಅದರ ಅವಧಿ ಎಲ್ಲಿಯವರೆಗೆ ಇದೆ ಅಂತ ನೋಡಿ ನಮಗೆ ಬರೆಯಿರಿ.